ಠಕ್ ಅಂದಿತೋ, ಕೆಟ್ಟಿತು

ನಮ್ಮ ಹಳೇ ಕಾರಿನ ಸೆಂಟ್ರಲ್ ಲಾಕಿಗೆ ಸ್ವಂತ ಬುದ್ಧಿ ಬಂದದ್ದು ಕಾರವಾರದ ಮಳೆಗಾಲದಲ್ಲಿ. ಇಳಿದು ಡ್ರೈವರ್ ಬಾಗಿಲು ಹಾಕಿದರೆ ಸಾಕು, ನಾಲ್ಕೂ ಬಾಗಿಲು ಒಟ್ಟಿಗೆ ಠಕ್! ಕೀ ಒಳಗೆ, ಇಂಜಿನ್ ಚಾಲೂ, ವೈಪರ್ ತನ್ನ ಪಾಡಿಗೆ ಆಚೀಚೆ. ಮೀನು ಮಾರ್ಕೆಟ್ ಎದುರು ಹೀಗಾದ ದಿನ ಬಂಗಡೆ ಚೀಲ ಹಿಡಿದು, ನನ್ನದೇ ಕಾರಿನ ಗಾಜಿಗೆ ಮೂಗೊತ್ತಿ ನಿಂತಿದ್ದೆ. ಮೀನು ಮಾರುವಾಕೆ ಕೊಂಕಣಿಯಲ್ಲಿ ಏನೋ ಅಂದಳು, ಸುತ್ತಲಿದ್ದವರೆಲ್ಲ ನಕ್ಕರು. ಹೆಂಡತಿ ಇನ್ನೊಂದು ಕೀ ತೆಗೆದುಕೊಂಡು ರಿಕ್ಷಾದಲ್ಲಿ ಬಂದಳು. ಅವಳು ನಗಲಿಲ್ಲ.

ಆಮೇಲೆ ಇಳಿಯುವಾಗಲೆಲ್ಲ ಗಾಜು ನಾಲ್ಕು ಬೆರಳು ಇಳಿಸಿಡುವ ಉಪಾಯ ಮಾಡಿದೆ. ಜುಲೈ ತಿಂಗಳ ಕಾರವಾರದಲ್ಲಿ ನಾಲ್ಕು ಬೆರಳು ಸಂದಿ ಅಂದರೆ ಸೀಟಿನ ಮೇಲೆ ಒಂದು ಕೊಡ ನೀರು.

ಊರಲ್ಲಿ ಸಲಹೆಗೇನು ಬರ? ಒಬ್ಬ ಮೆಕ್ಯಾನಿಕ್ ನೋಡದೆಯೇ "ನಾಲ್ಕೂ ಆಕ್ಚುಯೇಟರ್ ಬದಲಿಸಿ" ಅಂದ. ಆಕ್ಚುಯೇಟರ್ ಅಂದರೆ ಬಾಗಿಲೊಳಗೆ ಕೂತು ಲಾಕನ್ನು ಎಳೆದು ತಳ್ಳುವ ಪುಟ್ಟ ಮೋಟಾರಿನ ಪೆಟ್ಟಿಗೆ. ಪಕ್ಕದ ಮನೆಯವರು ಸಮುದ್ರದ ಉಪ್ಪುಗಾಳಿಯನ್ನು ಬೈದರು. ಅವರ ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಉಪ್ಪುಗಾಳಿಯೇ ಕಾರಣ. ಶಿರಸಿಯ ಭಾವ "ಘಟ್ಟದ ಮೇಲೆ ತಂದಿಡು, ಒಣಗಿದರೆ ಸರಿಯಾಗುತ್ತೆ" ಅಂದ. ಆ ಹೊತ್ತಿಗೆ ಶಿರಸಿಯಲ್ಲಿ ಟವೆಲ್ಲೇ ಒಣಗುವುದಿಲ್ಲ! ಫ್ಯೂಸ್ ನೋಡಿದೆ, ಗಟ್ಟಿಯಾಗಿತ್ತು. ಗ್ಯಾರೇಜಿಗೆ ಒಯ್ದರೆ ಕಾರಿಗೆ ಎಲ್ಲಿಲ್ಲದ ಸಂಸ್ಕಾರ, ಒಂದೇ ಒಂದು ಠಕ್ ಇಲ್ಲ.

ಕೊನೆಗೆ ಕೋಡಿಬಾಗದ ಒಬ್ಬ ಎಲೆಕ್ಟ್ರಿಷಿಯನ್ ಸಿಕ್ಕ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸುಮ್ಮನೆ ನಿಂತಾಗಲೂ ಆಗ್ತದೋ, ಬಾಗಿಲು ಅಲ್ಲಾಡಿದಾಗ ಮಾತ್ರವೋ?" ಬಾಗಿಲ ಒಳಹೊದಿಕೆ ಬಿಚ್ಚಿ, ಆಕ್ಚುಯೇಟರಿನ ಪ್ಲಗ್ ಕಿತ್ತು, ಮೋಟಾರಿನ ಎರಡು ವೈರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಮುಟ್ಟಿಸಿದ. ಲಾಕಿನ ಗುಬ್ಬಿ ಕೆಳಗೆ ಹೋಯಿತು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ, ಮೇಲೆ ಬಂತು. "ಇದರ ತಪ್ಪೇನೂ ಇಲ್ಲ" ಅಂದ.

ಆಮೇಲೆ ಬಾಗಿಲಿಗೂ ಅದು ತೂಗುವ ಕಾರಿನ ಕಂಬಕ್ಕೂ ನಡುವಿನ ರಬ್ಬರ್ ಕೊಳವೆ ಸರಿಸಿದ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ. ತೆರೆದಾಗೊಮ್ಮೆ, ಮುಚ್ಚಿದಾಗೊಮ್ಮೆ ಅಲ್ಲೇ ಮಡಚಬೇಕು. ನಮ್ಮ ಕಾರಿನಲ್ಲಿ ರಬ್ಬರ್ ಹರಿದು, ಒಂದು ವೈರಿನ ಸಿಪ್ಪೆ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸವೆದು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಮೀಟರಿನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಕಾರಿನ ತಗಡಿಗೆ ಹಿಡಿದು "ಬಾಗಿಲು ಮೆಲ್ಲಗೆ ಹಾಕಿ ಸಾರ್" ಅಂದ. ಮುಕ್ಕಾಲು ಮುಚ್ಚುವಷ್ಟರಲ್ಲಿ ಮೀಟರು ಪೀಂ! ವೈರು ತಗಡಿಗೆ ತಾಗಿತ್ತು.

ಡ್ರೈವರ್ ಕಡೆಯ ಆಕ್ಚುಯೇಟರಿಗೆ ಐದು ವೈರು. ಎರಡು ಮೋಟಾರು ತಿರುಗಿಸಲು, ಮೂರು ಸುದ್ದಿ ಮುಟ್ಟಿಸಲು. ಅವುಗಳಲ್ಲಿ ಲಾಕಿನ ಸುದ್ದಿಯ ವೈರು ಅರ್ಥಿಗೆ ತಾಗಿದರೆ ಕಂಟ್ರೋಲ್ ಪೆಟ್ಟಿಗೆಗೆ "ಲಾಕ್ ಮಾಡು" ಎಂಬ ಹುಕುಂ. ಕಾರಿನ ತಗಡೇ ಅರ್ಥು. ಆ ವೈರಿನಲ್ಲಿ ಹರಿಯುವ ಕರೆಂಟ್ ಅತ್ಯಲ್ಪ, ಹಾಗಾಗಿ ಫ್ಯೂಸ್ ಹೋಗುವ ಪ್ರಶ್ನೆಯೇ ಇಲ್ಲ. ಅಂತೂ ಕಾರು ಹಠ ಮಾಡಿರಲಿಲ್ಲ, ಹೇಳಿದ್ದನ್ನೇ ಕೇಳುತ್ತಿತ್ತು, ಪಾಪ.

ಟೇಪ್ ಸುತ್ತಿಬಿಡು ಅಂದೆ. ನನ್ನನ್ನೊಮ್ಮೆ ಕೆಳಗಿಂದ ಮೇಲೆ ನೋಡಿದ. ಸವೆದ ತುಂಡು ಕತ್ತರಿಸಿ ಹೊಸ ವೈರು ಸೇರಿಸಿದ, ಬೆಸುಗೆಯನ್ನು ಮಡಿಕೆಯಿಂದ ದೂರ, ಬಾಗಿಲಿನ ಒಳಗಿಟ್ಟ. ಮಡಚುವಲ್ಲೇ ಬೆಸೆದರೆ ವೈರು ಸೆಟೆದು ಅದರ ಪಕ್ಕದಲ್ಲೇ ಮುರಿಯುತ್ತದಂತೆ. ಹೊಸ ರಬ್ಬರೂ ಬಂತು. ಕೇಳಿದ ದುಡ್ಡಿಗೆ ಮಾರ್ಕೆಟ್ಟಿನಲ್ಲಿ ಒಂದು ಒಳ್ಳೇ ಇಸೋಣ ಮೀನೂ ಬರುತ್ತಿರಲಿಲ್ಲ.

ಹೋಗುವ ಮುಂಚೆ ಬಾಗಿಲಿನ ತಳದ ನೀರಿಳಿಯುವ ತೂತುಗಳಿಗೆ ಹಿಡಿಕಡ್ಡಿ ಹಾಕಿ ತಿವಿದ. ಕೆಸರು ಕಳಚಿ ಅವನ ಕಾಲ ಮೇಲೆಯೇ ದಳದಳ ನೀರು ಸುರಿಯಿತು.

"ಸಾರ್, ಇದರಲ್ಲಿ ಏಡಿ ಸಾಕಬಹುದಿತ್ತು."