ಒಂದೇ ಇಳಿಜಾರು ಸಾಕು

ಡೊಂಬಿವಿಲಿ, ಮುಲುಂಡ್, ಮಾಟುಂಗಾಗಳಲ್ಲಿ ಹಂಚಿಹೋಗಿರುವ ನಮ್ಮ ಗೆಳೆಯರ ಬಳಗಕ್ಕೆ ಪ್ರವಾಸವೆಂದರೆ ಮೊದಲು ಪಟ್ಟಿ. ಊರಿಗೆ ಹೋದರೆ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ ಬರುವವರು ನಾವು. ಈ ಚಳಿಗಾಲ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಹೋಗೋಣ ಎಂದಾಗಲೂ ಹಾಗೆಯೇ ಆಯಿತು: ಹಿಮಾಚಲದ ನಾರ್ಕಂಡಾ, ಸೋಲಂಗ್, ಕಾಶ್ಮೀರದ ಗುಲ್ಮಾರ್ಗ್. ಉತ್ತರಾಖಂಡದ ಔಲಿಯೂ ಇತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ರೋಪ್‌ವೇ ಇಲ್ಲದ ಔಲಿ ಬೇಡವೆಂದು ಒಬ್ಬ ಹಟ ಹಿಡಿದ. ಬಿಟ್ಟೆವು.

ಹೊರಡುವ ಮುಂಚೆ ಹೇಳಿದ್ದನ್ನೇ ಈಗ ಇನ್ನಷ್ಟು ಜೋರಾಗಿ ಹೇಳುತ್ತೇನೆ. ಸ್ಕೀಯಿಂಗ್ ಕಲಿಯುವ ಆಸೆಯಿದ್ದರೆ ಒಂದೇ ಊರಿಗೆ ಹೋಗಿ, ಒಬ್ಬನೇ ತರಬೇತುದಾರನ ಕೈಗೆ ಸಿಕ್ಕು, ಒಂದೇ ಇಳಿಜಾರಿನಲ್ಲಿ ಬಿದ್ದೇಳಿ. ಊರೂರು ಸುತ್ತುವುದು ಕಾರಿನ ಚಾಲಕನಿಗೆ ಲಾಭ, ನಿಮ್ಮ ಮಂಡಿಗಲ್ಲ.

ನಾರ್ಕಂಡಾ ಸುಂದರ ಊರು. ಶಿಮ್ಲಾ ದಾಟಿ 60 ಕಿಲೋಮೀಟರಿಗೂ ಹೆಚ್ಚು ದೂರ, ದಾರಿಯುದ್ದಕ್ಕೂ ದೇವದಾರು, ಸೇಬಿನ ತೋಟ. ನಾವು ಹೋದಾಗ ಇಳಿಜಾರಿನಲ್ಲಿ ಹಿಮಕ್ಕಿಂತ ಹುಲ್ಲೇ ಹೆಚ್ಚು ಕಂಡಿತು. ಚಹಾ ಕುಡಿದು ಹೊರಟೆವು. ಸೋಲಂಗ್‌ನಲ್ಲಿ ಹಿಮವಿತ್ತು, ಅದರ ಮೇಲೆ ಇಡೀ ಜಾತ್ರೆಯೂ ಇತ್ತು. ಬಾಡಿಗೆಯ ಮೇಲಂಗಿ, ಸ್ನೋ ಸ್ಕೂಟರ್, ಮ್ಯಾಗಿ, ಕುದುರೆ. ಕಾಲಿಗೆ ಸ್ಕೀ ಕಟ್ಟಿ, ಭುಜ ಹಿಡಿದು ನಾಲ್ಕು ಮಾರು ಜಾರಿಸಿ, ಫೋಟೊ ತೆಗೆದು ಮುಂದಿನ ಗಿರಾಕಿಯನ್ನು ಕರೆಯುವ ವ್ಯಾಪಾರ ಅದು. ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಅರ್ಧ ಗಂಟೆಯಲ್ಲಿ ಹೊರಡುವವನಿಗೆ ಇನ್ನೇನು ಕಲಿಸಲು ಸಾಧ್ಯ?

ಗುಲ್ಮಾರ್ಗ್‌ನಲ್ಲಿ ಕತೆ ಬೇರೆ. ಸುಮಾರು 2,650 ಮೀಟರ್ ಎತ್ತರದ ಬೋಗುಣಿಯಂಥ ಬಯಲು. ಗೊಂಡೋಲಾ ಎಂಬ ಅಲ್ಲಿನ ಕೇಬಲ್ ಕಾರು ಮೊದಲ ಹಂತದಲ್ಲಿ ಕೊಂಗ್‌ಡೋರಿಗೆ, ಎರಡನೆಯದರಲ್ಲಿ ಅಫರ್ವತ್ ಪರ್ವತದ ಹೆಗಲಿಗೆ ಏರುತ್ತದೆ. ಪಟ್ಟಿಯವರೆಲ್ಲ ಮೇಲೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದರು. ನಾನು ಕೆಳಗೆ ಮಕ್ಕಳ ಇಳಿಜಾರಿನಲ್ಲೇ ಉಳಿದೆ. ಅಫರ್ವತ್ ಕಲಿಯುವವರ ಜಾಗವಲ್ಲ. ಮೇಲಿನ ಹಿಮ ಬಹುಪಾಲು ಯಾರೂ ಹದಮಾಡದ ಹಿಮ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ಗುಲ್ಮಾರ್ಗ್‌ನ ಹಿಮಕುಸಿತಗಳಲ್ಲಿ ಸತ್ತರು. ಅವರ್‍ಯಾರೂ ಕಲಿಯಲು ಬಂದವರಲ್ಲ, ಬಲ್ಲವರು.

ನನ್ನ ತರಬೇತುದಾರ ಟಂಗ್‌ಮರ್ಗ್ ಕಡೆಯ ಯುವಕ, ಮಿತಭಾಷಿ. ದಿನವಿಡೀ ಅವನು ಹೇಳಿದ್ದು ಬಹುತೇಕ ಒಂದೇ ಮಾತು: 'ಆಗೇ ಝುಕೋ', ಮುಂದಕ್ಕೆ ಬಾಗು. ಸ್ಕೀಯಿಂಗ್‌ನ ಮರ್ಮವೆಲ್ಲ ಅದರಲ್ಲೇ ಇದೆ. ಇಳಿಜಾರು ಕಂಡ ಕೂಡಲೇ ಹೆದರಿದ ದೇಹ ಹಿಂದಕ್ಕೆ ವಾಲುತ್ತದೆ. ವಾಲಿದಿರೋ, ಭಾರವೆಲ್ಲ ಹಿಮ್ಮಡಿಗೆ ಬಂದು ಸ್ಕೀಯ ಮುಂತುದಿ ಹಗುರಾಗಿ ನಿಮ್ಮ ಮಾತು ಕೇಳುವುದನ್ನು ಬಿಡುತ್ತದೆ. ಮಂಡಿ ಮಡಿಸಿ, ಮೊಣಕಾಲಿನ ಕೆಳಗಿನ ಎಲುಬು ಆ ಗಡುಸು ಬೂಟಿನ ನಾಲಿಗೆಗೆ ಒತ್ತುವಷ್ಟು ಮುಂದಕ್ಕೆ ಬಾಗಬೇಕು. ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಭಾಗವನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಬಲಗಾಲಿಗೆ ಭಾರ ಹಾಕಿದರೆ ಎಡಕ್ಕೆ ತಿರುಗುತ್ತೀರಿ. ಓದಲು ಎರಡು ಸಾಲು. ಕಾಲಿಗೆ ಇಳಿಯಲು ದಿನಗಳೇ ಬೇಕು, ಅದೂ ನಡುವೆ ಬಿಡುವಿಲ್ಲದೆ. ವಿರಾರ್ ಲೋಕಲ್‌ನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದನ್ನು ನಾವು ಕಲಿತದ್ದೂ ದಿನಾ ಅದೇ ರೈಲು ಹತ್ತಿ ತಾನೆ?

'ದಕ್ಷಿಣದವರಿಗೆ ಹಿಮದ ಉಸಾಬರಿ ಯಾಕೆ' ಎಂದು ಬಂಧುವೊಬ್ಬರು ಕೇಳಿದರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದವರು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಅವರ ಹೆಸರು ಹೇಳಿದೆ, ಮಾತು ಅಲ್ಲಿಗೇ ನಿಂತಿತು. ಇನ್ನು 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಆರಿಫ್ ಖಾನ್. ಅವರು ಚಿಕ್ಕಂದಿನಲ್ಲಿ ಕಲಿತದ್ದು ಇದೇ ಗುಲ್ಮಾರ್ಗ್‌ನ ಇಳಿಜಾರಿನಲ್ಲಿ.

ನನ್ನ ಇನ್ನೊಂದು ತಕರಾರು ಮುಂಬೈಯವರ ಬುಕಿಂಗ್ ಚಟದ ಬಗ್ಗೆ. ಗಣೇಶ ಚೌತಿಗೇ ಜನವರಿಯ ಟಿಕೆಟ್ ತೆಗೆದು ನಿಶ್ಚಿಂತರಾಗುತ್ತೇವೆ. ಜುಲೈಯಲ್ಲಿ ಮಾತ್ರ ಸಮುದ್ರದ ಭರತದ ವೇಳೆ, ಹವಾಮಾನ ಇಲಾಖೆಯ ಎಚ್ಚರಿಕೆ ಎರಡನ್ನೂ ನೋಡಿಯೇ ಕಚೇರಿಗೆ ಹೊರಡುತ್ತೇವೆ. ಹಿಮಾಲಯದ ಹಿಮಕ್ಕೆ ಆ ಮರ್ಯಾದೆ ಏಕಿಲ್ಲ? ಅದು ಬರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿ ಬರುವ ಪಶ್ಚಿಮದ ಕ್ಷೋಭೆಗಳೆಂಬ ಚಳಿಗಾಲದ ಮಳೆ-ಹಿಮದ ಮಾರುತಗಳಿಂದ; ನಮ್ಮ ರಜೆಯ ಅರ್ಜಿಯನ್ನು ಅವು ಓದುವುದಿಲ್ಲ. ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ, ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯಲ್ಲೂ ಗುಲ್ಮಾರ್ಗ್ ಬೋಳಾಗಿದ್ದುಂಟು. 2024ರ ಜನವರಿಯ ಚಿತ್ರಗಳನ್ನು ನೋಡಿ. 2025ರಲ್ಲಿ ಹಿಮವಿಲ್ಲದೆ ಖೇಲೋ ಇಂಡಿಯಾ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಸರ್ಕಾರವೇ ಕಾಯುವಾಗ ನಮಗೇನು ಅವಸರ?

ಬಳಗದಲ್ಲಿ ಈಗಾಗಲೇ ಮುಂದಿನ ವರ್ಷದ ಪಟ್ಟಿ ಓಡಾಡುತ್ತಿದೆ, ಈ ಸಲ ನಾಲ್ಕು ಊರು. ನಾನು ಬರುವುದಿಲ್ಲ ಎಂದು ಬರೆದಿದ್ದೇನೆ. ಹಿಮ ಬಿದ್ದ ಸುದ್ದಿ ಬಂದ ವಾರ ಶ್ರೀನಗರಕ್ಕೆ ಟಿಕೆಟ್ ತೆಗೆಯುತ್ತೇನೆ. ದುಬಾರಿಯಾಗುತ್ತದೆ, ಗೊತ್ತು. ಆ ಹಣವನ್ನು ಹೋಟೆಲಿನಲ್ಲಿ ಉಳಿಸುವುದೆಂದು ಲೆಕ್ಕ ಹಾಕಿದ್ದೇನೆ. ಹಗಲೆಲ್ಲ ಹಿಮದಲ್ಲೇ ಮುಖ ಅಡಿಯಾಗಿ ಬಿದ್ದಿರುವವನಿಗೆ ಕಿಟಕಿಯಿಂದ ಹಿಮ ಕಾಣುವ ಕೋಣೆ ಯಾಕೆ ಬೇಕು?