ಮಿಸ್ಸಿಂಗ್ ಲಿಂಕ್ಸ್: ಆಸ್ಟ್ರೇಲಿಯಾದ ಪಂಕ್‌ಗೆ ಇದೇ ಬೇರಾ?

ಪರ

ಪಂಕ್ ಅಂದರೆ ಎಪ್ಪತ್ತರ ದಶಕದ ಒರಟು, ಅಬ್ಬರದ ರಾಕ್ ಸಂಗೀತ. ಅದಕ್ಕೂ ಮೊದಲಿನ, 1965ರ ಸಿಡ್ನಿ. ಆಂಪ್ಲಿಫೈಯರ್ ಕಿರುಚಿದರೆ ಅದು ತಪ್ಪು, ಮತ್ತೆ ನುಡಿಸಬೇಕು ಅನ್ನುತ್ತಿದ್ದ ಕಾಲ. ಅಲ್ಲಿನ ಮಿಸ್ಸಿಂಗ್ ಲಿಂಕ್ಸ್ ಎಂಬ ರಾಕ್ ತಂಡದ ಹುಡುಗರು ಆ ಕಿರುಚಾಟವನ್ನೇ ಹಾಡಿನೊಳಗೆ ಇಟ್ಟುಕೊಂಡರು. ಅವರ ‘ವೈಲ್ಡ್ ಅಬೌಟ್ ಯು’ ಹಾಡನ್ನು ಒಮ್ಮೆ ಜೋರಾಗಿ ಹಾಕಿ ಕೇಳಿ. ಗಾಯಕ ಆಂಡಿ ಆಂಡರ್ಸನ್ ಗಂಟಲು ಹರಿದುಕೊಂಡು ಹಾಡುತ್ತಾರೆ, ಗಿಟಾರ್ ಅವರನ್ನು ಅಟ್ಟಿಸಿಕೊಂಡು ಬರುತ್ತದೆ.

ಇನ್ನೊಂದು ಸಾಹಸ ನನಗೆ ಇನ್ನೂ ಇಷ್ಟ. ಅಮೆರಿಕದ ಗಾಯಕ ಬೋ ಡಿಡ್ಲಿಯ ಒಂದು ಹಾಡನ್ನು ರೆಕಾರ್ಡ್ ಮಾಡಿ, ಆ ಟೇಪನ್ನೇ ಉಲ್ಟಾ ಓಡಿಸಿ, ಹೆಸರಿನ ಅಕ್ಷರಗಳನ್ನೂ ಹಿಂದುಮುಂದು ಮಾಡಿ ಹೊರತಂದರು. ಬೀಟಲ್ಸ್‌ನ ‘ರೇನ್’ ಕೊನೆಯಲ್ಲಿ ಉಲ್ಟಾ ದನಿ ಕೇಳಿಸಿದ್ದು 1966ರಲ್ಲಿ! ಇವರದು ಅದಕ್ಕೂ ಮೊದಲು.

ಬ್ರಿಸ್ಬೇನ್‌ನ ದಿ ಸೇಂಟ್ಸ್ ಎಂಬ ಪಂಕ್ ತಂಡದ ಮೊದಲ ಸಿಂಗಲ್ ಬಂದದ್ದು 1976ರಲ್ಲಿ, ಬ್ರಿಟನ್ನಿನ ಹೆಸರಾಂತ ಪಂಕ್ ತಂಡ ಸೆಕ್ಸ್ ಪಿಸ್ತೂಲ್ಸ್‌ಗಿಂತ ಮುಂಚೆ. ಮರುವರ್ಷ ಅವರ ಮೊದಲ ಆಲ್ಬಂನಲ್ಲಿ ‘ವೈಲ್ಡ್ ಅಬೌಟ್ ಯು’ ಇತ್ತು. ಯಾರ ಹಾಡನ್ನು ತಮ್ಮದು ಅಂದುಕೊಂಡು ನುಡಿಸುತ್ತೀರೋ ಅವರೇ ನಿಮ್ಮ ಹಿರಿಯರು, ಅಲ್ವಾ?

ವಿರೋಧ

ಹಾಡು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದೇ ಸೇಂಟ್ಸ್ ಆಲ್ಬಂನಲ್ಲಿ ಎಲ್ವಿಸ್ ಪ್ರೀಸ್ಲಿಯ ‘ಕಿಸ್ಸಿನ್ ಕಸಿನ್ಸ್’ ಕೂಡ ಇದೆ. ಅದನ್ನು ಪಂಕ್‌ನ ಬೇರು ಅಂತ ಯಾರೂ ಹೇಳುವುದಿಲ್ಲ. ಒಂದು ಹಾಡು ಎತ್ತಿಕೊಂಡ ಮಾತ್ರಕ್ಕೆ ವಂಶ ಬೆಳೆಯುವುದಿಲ್ಲ.

ಮಿಸ್ಸಿಂಗ್ ಲಿಂಕ್ಸ್ ಮಾಡಿದ್ದು ಒಂದೇ ಆಲ್ಬಂ. 1966ರಲ್ಲೇ ತಂಡ ಒಡೆದುಹೋಯಿತು. ಅವರ ಕೀರ್ತಿಯಲ್ಲಿ ಬಹುಪಾಲು ಆಮೇಲೆ ಹಳೆಯ ರೆಕಾರ್ಡ್ ಹುಡುಕುವವರು ಪ್ರೀತಿಯಿಂದ ಕಟ್ಟಿದ್ದು.

ಸಿಡ್ನಿಯದೇ ಇನ್ನೊಂದು ತಂಡ ಈಸಿಬೀಟ್ಸ್ ನೋಡಿ. ವಲಸೆ ಬಂದ ಕುಟುಂಬಗಳ ಹುಡುಗರು. 1966ರ ‘ಫ್ರೈಡೇ ಆನ್ ಮೈ ಮೈಂಡ್’ ಬ್ರಿಟನ್‌ನಲ್ಲಿ 6ನೇ ಸ್ಥಾನಕ್ಕೆ ಏರಿತು. ತಂಡ ಮುಗಿದ ಮೇಲೂ ಅದರ ಗಿಟಾರಿಸ್ಟ್‌ಗಳಾದ ಹ್ಯಾರಿ ವಾಂಡಾ, ಜಾರ್ಜ್ ಯಂಗ್ ಸುಮ್ನೆ ಕೂರಲಿಲ್ಲ. ಜಾರ್ಜ್‌ನ ತಮ್ಮಂದಿರಾದ ಮಾಲ್ಕಮ್, ಆಂಗಸ್ ಕಟ್ಟಿದ ಎಸಿ/ಡಿಸಿ ತಂಡದ ಮೊದಲ ಆಲ್ಬಂಗಳನ್ನು ಸ್ಟುಡಿಯೋದಲ್ಲಿ ಕೂತು ರೂಪಿಸಿದ್ದು ಇವರಿಬ್ಬರೇ. ಪರಂಪರೆ ಅಂದರೆ ನನ್ನ ಲೆಕ್ಕದಲ್ಲಿ ಇದು: ಒಬ್ಬರು ಕೂರಿಸಿಕೊಂಡು ಕಲಿಸಿದ್ದು, ಇನ್ನೊಬ್ಬರು ಅದರಿಂದ ಬೆಳೆದದ್ದು.

ಮಿಸ್ಸಿಂಗ್ ಲಿಂಕ್ಸ್‌ನಿಂದ ಮುಂದಕ್ಕೆ ಹರಿದದ್ದನ್ನು ಹುಡುಕಬೇಕಾದರೆ ಗಿಟಾರಿಸ್ಟ್ ಡಗ್ ಫೋರ್ಡ್ ಹಿಂದೆ ಹೋಗಬೇಕು. ಅವರು ಆಮೇಲೆ ಮಾಸ್ಟರ್ಸ್ ಅಪ್ರೆಂಟಿಸಸ್ ತಂಡ ಸೇರಿ, ಅದರ ಗಾಯಕ ಜಿಮ್ ಕೀಸ್ ಜೊತೆ ‘ಟರ್ನ್ ಅಪ್ ಯುವರ್ ರೇಡಿಯೋ’ ಬರೆದರು. ಜನರ ಬಾಯಲ್ಲಿ ಜಾಸ್ತಿ ಉಳಿದದ್ದು ಆ ಹಾಡು.