ಗಂಡು ಗಿಡಕ್ಕೂ ಒಂದು ಮೂಲೆ

ಹಾಲಿ (holly) ಗಿಡ ಎಂದರೆ ಕ್ರಿಸ್ಮಸ್ ಕಾರ್ಡಿನ ಮುಳ್ಳಂಚಿನ ಹಸಿರೆಲೆ. ಟೆಕ್ಸಾಸ್‌ನ ಹಳ್ಳಗಳ ಬದಿಯಲ್ಲಿ ತಾನಾಗಿ ಬೆಳೆಯುವ ಪೋಸಮ್‌ಹಾ ಅದೇ ಕುಲದ್ದಾದರೂ ಆ ಕಾರ್ಡಿಗೆ ಒಗ್ಗದು. ಎಲೆಗೆ ಮುಳ್ಳಿಲ್ಲ, ಚಳಿ ಬಂದರೆ ಎಲೆಯೇ ಇಲ್ಲ. ಅದರ ದರ್ಬಾರು ಶುರುವಾಗುವುದೇ ಆಗ. ಬೂದಿಬಣ್ಣದ ಬರಿಗೊಂಬೆಗಳ ತುಂಬ ಕೆಂಪು ಮಣಿಗಳು, ಹಕ್ಕಿಗಳು ಬಿಟ್ಟರೆ ಮಾರ್ಚ್‌ವರೆಗೂ. ಚಳಿಗಾಲ ಬಂತೆಂದು ಕರಿಬೇವನ್ನು ಕುಂಡ ಸಮೇತ ಒಳಗೆ ಹೊರುವ ಡಲ್ಲಾಸ್ ಕನ್ನಡಿಗರ ಹಿತ್ತಲಲ್ಲಿ, ಹೊರಗೇ ಬದುಕುವ ಗಿಡ ಇದೊಂದಾದರೂ ಇರಲಿ.

ತಕರಾರೆಲ್ಲ ಹಣ್ಣಿನದು. ಪಪ್ಪಾಯಿಯಂತೆ ಇದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ. ವಸಂತದಲ್ಲಿ ಎರಡೂ ಒಟ್ಟಿಗೆ ಹೂಬಿಟ್ಟು, ಜೇನ್ನೊಣ ನಡುವೆ ಓಡಾಡಿದರಷ್ಟೇ ಹೆಣ್ಣಿಗೆ ಕಾಯಿ. ಒಂದೇ ಗಿಡ ತಂದು ನೆಟ್ಟು ನರ್ಸರಿಯವರನ್ನು ಬೈದು ಏನು ಬಂತು? ತಳಿಗಳಲ್ಲಿ ‘ವಾರೆನ್ಸ್ ರೆಡ್’ ಹೆಣ್ಣು, ‘ರೆಡ್ ಎಸ್ಕಾರ್ಟ್’ ಗಂಡು. ಸುಮಾರು 50 ಅಡಿಯೊಳಗೆ ಒಂದು ಗಂಡಿದ್ದರೆ ನಾಲ್ಕಾರು ಹೆಣ್ಣಿಗೆ ಸಾಕು. ಜಾಯಿಕಾಯಿ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ. ಗಂಡನ್ನು ಗ್ಯಾರೇಜಿನ ಹಿಂದೆ ನಿಲ್ಲಿಸಿದರೂ ಬೇಸರಿಸದು. ಬೀಜದ ಸಸಿ ಮಾತ್ರ ಬೇಡ. ಅದು ಗಂಡೋ ಹೆಣ್ಣೋ ಎಂದು ತಿಳಿಯಲು ಹೂಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಕಡ್ಡಿಯಿಂದ ಬೆಳೆಸಿದ, ಹೆಸರಿನ ಚೀಟಿ ಇರುವ ಗಿಡವೇ ಸರಿ.

ಗುಂಡಿ ಬೇರಿನ ಮುದ್ದೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲ ಇರಲಿ. ಬುಡ ಹಿಗ್ಗಿ ಬೇರಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ತೆಗೆದ ಮಣ್ಣನ್ನೇ ತುಂಬಿ, 2–3 ಅಂಗುಲ ಮರದ ಚಕ್ಕೆ ಹಾಸಿ, ಕಾಂಡಕ್ಕೆ ತಾಗದಂತೆ ಸರಿಸಿ. ಜೇಡಿಮಣ್ಣು, ನಿಂತ ನೀರು ಇದಕ್ಕೆ ತವರುಮನೆ. ಆದರೂ ಮೊದಲ ವರ್ಷದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೇರಿಗಿಳಿಯುವಂತೆ ನೀರು ಬೇಕು. ನೆರಳಿನಲ್ಲೂ ಬದುಕುತ್ತದೆ, ಹಣ್ಣು ಮಾತ್ರ ಜಿಪುಣತನದ್ದು.

ಕತ್ತರಿ ಹಿಡಿದವರು ಕೈ ಬಿಗಿಹಿಡಿಯಲಿ. ಹೂವು ಬರುವುದು ಹಳೆಯ ಕೊಂಬೆಯ ಗಿಡ್ಡ ಕವಲುಗಳಲ್ಲಿ. ಬೇಲಿಯಂತೆ ದುಂಡಗೆ ಸವರಿದರೆ ಆ ವರ್ಷದ ಹಣ್ಣೂ ಕಸದ ಬುಟ್ಟಿಗೆ. ಚಳಿಗಾಲದ ಕೊನೆಯಲ್ಲಿ ಒಣಗಿದ್ದು, ಒಂದಕ್ಕೊಂದು ಉಜ್ಜುವುದು ತೆಗೆಯಿರಿ. ಬುಡದಿಂದ ಏಳುವ ಮರಿಗಳನ್ನು ಆಗಾಗ ಕಿತ್ತರೆ ಮರ, ಬಿಟ್ಟರೆ ಪೊದೆ.

ಹಣ್ಣು ನಮಗಲ್ಲ, ತಿಂದರೆ ವಾಂತಿ, ಮಕ್ಕಳಿಗೆ ಹೇಳಿಡಬೇಕು. ಪೋಸಮ್ ಎಂಬ ಹೊಟ್ಟೆಚೀಲದ ಪ್ರಾಣಿಗೆ, ಹಕ್ಕಿಗಳಿಗೆ ಹಬ್ಬ. ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳ ಹಿಂಡು ಇಳಿದರೆ ನೋಡನೋಡುತ್ತ ಮರ ಬರಿದು. ಆಮೇಲೆ ಗಂಡು ಯಾವುದು, ಹೆಣ್ಣು ಯಾವುದು ಎಂದು ಗೊತ್ತಾಗಬೇಕಾದರೆ ಚೀಟಿಯನ್ನೇ ಓದಬೇಕು.